ಆ ‘ಆಗಿದ್ದರೂ’ ಯಾಕೆ ಬೇಕಿತ್ತು?

ನಮ್ಮ ಕನ್ನಡ ಮಾಸ್ತರರ ನುಡಿನಮನ ಮುಗಿಸಿಕೊಂಡು ಈಗಷ್ಟೇ ಮನೆಗೆ ಬಂದೆ. ಅಳು ಬರಬೇಕಿತ್ತು. ಸಿಟ್ಟು ಬಂದಿದೆ.

ವೇದಿಕೆ ಮೇಲೆ ಮಾತಾಡಿದವರಲ್ಲಿ ಮೂವರು ಒಂದೇ ಮಾತು ಹೇಳಿದರು. ‘ಕ್ರಿಶ್ಚಿಯನ್ ಆಗಿದ್ದರೂ ಎಂಥ ಕನ್ನಡ ಕಲಿಸಿದರು!’ ಮೂರನೆಯವರು ಹೇಳಿದಾಗ ಚಪ್ಪಾಳೆ ಬಿತ್ತು. ಮುಂದಿನ ಸಾಲಿನಲ್ಲೇ ಮಾಸ್ತರರ ಹೆಂಡತಿ, ನಮ್ಮ ಅಕ್ಕೋರು, ಕೂತಿದ್ದರು, ಪಕ್ಕದಲ್ಲಿ ಇಬ್ಬರು ಹೆಣ್ಣುಮಕ್ಕಳು. ದೊಡ್ಡ ಮಗಳು ತಲೆ ತಗ್ಗಿಸಿದ್ದು ನನಗೆ ಕಾಣಿಸಿತು.

‘ರೂ’ ಬಂದರೆ ಏನಾಗುತ್ತದೆ ಅಂತ ನಮಗೆ ಕಲಿಸಿದವರೇ ಮಾಸ್ತರು. ‘ಮಳೆ ಬಂದರೂ ಆಟ ನಿಲ್ಲಲಿಲ್ಲ’ ಅಂತ ಹಲಗೆಯ ಮೇಲೆ ಬರೆದರು. ಮಳೆ ಬಂದರೆ ಆಟ ನಿಲ್ಲಬೇಕು, ಅದು ರೂಢಿ. ನಿಲ್ಲಲಿಲ್ಲ, ಅದಕ್ಕೇ ‘ರೂ’. ಹಾಗಾದರೆ ಕ್ರಿಶ್ಚಿಯನ್ನರಿಗೆ ಕನ್ನಡ ಬಾರದಿರುವುದು ರೂಢಿಯೇ? ಧಾರವಾಡದಲ್ಲಿ ಹುಟ್ಟಿ, ಮನೆಯಲ್ಲಿ ಕನ್ನಡವನ್ನೇ ಆಡಿ, ಸತ್ಯವೇದವನ್ನು ಕನ್ನಡದಲ್ಲೇ ಓದಿ, ಕನ್ನಡದಲ್ಲೇ ದೇವರ ಹತ್ತಿರ ಬೇಡಿಕೊಂಡ ಮನುಷ್ಯ ಅವರು. ಅವರಿಗೆ ಯಾವ ‘ಆಗಿದ್ದರೂ’?

ಅವರ ಮನೆಯಲ್ಲಿ ಕಿಟೆಲ್ ನಿಘಂಟು ಇತ್ತು, ಜರ್ಮನಿಯಿಂದ ಬಂದ ಪಾದ್ರಿ ಕಿಟೆಲ್ ಮಾಡಿದ ಕನ್ನಡ-ಇಂಗ್ಲಿಷ್ ನಿಘಂಟು. ಖಾಕಿ ಕಾಗದದ ರಟ್ಟು ಹಾಕಿ ಇಟ್ಟಿದ್ದರು. ಯಾವುದಾದರೂ ಪದದ ಅರ್ಥ ಕೇಳಿದರೆ ಹೇಳುತ್ತಿರಲಿಲ್ಲ, ‘ತೆಗೆದು ನೋಡು’ ಅನ್ನುತ್ತಿದ್ದರು. ಅದರಲ್ಲಿ ಅರ್ಥ ಇಂಗ್ಲಿಷಿನಲ್ಲಿದೆ. ‘ಈಗ ಅದನ್ನೇ ನಿಮ್ಮ ಅವ್ವನಿಗೆ ತಿಳಿಯೋ ಹಾಗೆ ಹೇಳು’ ಅನ್ನುವುದು ಎರಡನೆಯ ಪಾಠ. ‘ಒಕ್ಕಲು’ ಅನ್ನೋ ಒಂದೇ ಪದಕ್ಕೆ ಒಂದು ಸಂಜೆ ಪೂರ್ತಿ ಹೋದದ್ದು ನೆನಪಿದೆ. 1894ರಲ್ಲಿ ಮಂಗಳೂರಿನಲ್ಲಿ, ಕ್ರೈಸ್ತ ಪಾದ್ರಿಗಳ ಸಂಸ್ಥೆಯಾದ ಬಾಸೆಲ್ ಮಿಷನ್ನಿನ ಮುದ್ರಣಾಲಯದಲ್ಲಿ ಅಚ್ಚಾದ ನಿಘಂಟು ಅದು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಹೊರಟದ್ದೂ ಆ ಮಿಷನ್ನಿನವರಿಂದಲೇ.

ಅವರೆಲ್ಲ ಹೊರದೇಶದವರು ಅಂತೀರಾ? ಸರಿ, ಉತ್ತಂಗಿ ಚನ್ನಪ್ಪನವರು ಎಲ್ಲಿಯವರು? ಚರ್ಚಿನ ಪಾದ್ರಿ. ಊರೂರು ತಿರುಗಿ ಸರ್ವಜ್ಞನ ವಚನಗಳನ್ನು ಕೂಡಿಸಿ 1924ರಲ್ಲಿ ಪುಸ್ತಕ ಮಾಡಿದವರು. 1949ರಲ್ಲಿ ಕಲಬುರಗಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದವರು. ಅವರ ಹೆಸರು ಬಂದಾಗಲೆಲ್ಲ ಮಾಸ್ತರರ ದನಿ ಸ್ವಲ್ಪ ಏರುತ್ತಿತ್ತು. ಆ ದನಿ ಯಾಕೆ ಏರುತ್ತಿತ್ತು ಅನ್ನೋದು ಇವತ್ತು ಆ ಸಭೆಯಲ್ಲಿ ಕೂತಾಗ ಅರ್ಥವಾಯಿತು.

ಪಕ್ಕದಲ್ಲಿದ್ದ ಗೆಳೆಯ ಹೇಳಿದ, ‘ಬಿಡೋ, ಅವರು ಹೊಗಳಿದ್ದು ತಾನೆ? ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ.’ ಹೌದು, ಕೆಟ್ಟ ಮನಸ್ಸಿಲ್ಲ. ಆದರೆ ಮೂವತ್ತೈದು ವರ್ಷ ನಮಗೆ ಅಕ್ಷರ ತಿದ್ದಿದವರನ್ನು ಸತ್ತ ಮೇಲೂ ಹೊರಗಿನಿಂದ ಬಂದ ನೆಂಟರ ಹಾಗೆ ಹೊಗಳಿದರೆ ಅದನ್ನು ನಾನು ಹೊಗಳಿಕೆ ಅಂತ ಒಪ್ಪಲಾರೆ.

ಇಷ್ಟು ಸಿಟ್ಟು ಯಾಕೆ ಅಂದರೆ, ಆ ‘ಆಗಿದ್ದರೂ’ ನನ್ನೊಳಗೂ ಇತ್ತು.

ಏಳನೇ ತರಗತಿ ಪರೀಕ್ಷೆಗೆ ಮೊದಲು ನಾವು ಆರೇಳು ಹುಡುಗರು ದಿನಾ ಸಂಜೆ ಅವರ ಮನೆಗೆ ಹೋಗುತ್ತಿದ್ದೆವು. ಒಂದು ರೂಪಾಯಿ ತಗೊಂಡವರಲ್ಲ. ‘ಅಲ್ಲಿ ಏನೂ ತಿನ್ನಬೇಡ, ನೀರೂ ಕುಡಿಯಬೇಡ’ ಅಂತ ನಮ್ಮ ಅಜ್ಜಿ ಹೇಳಿ ಕಳಿಸುತ್ತಿದ್ದಳು. ನಾನು ಹಾಗೇ ಮಾಡಿದೆ. ಮೊದಲ ದಿನ ಅಕ್ಕೋರು ಚಾ, ಅವಲಕ್ಕಿ ತಂದಿಟ್ಟರು. ನಾನೂ ಇನ್ನೊಬ್ಬನೂ ಹಸಿವಿಲ್ಲ ಅಂದೆವು. ಮರುದಿನದಿಂದ ನಮ್ಮಿಬ್ಬರ ಮುಂದೆ ಬಾಳೆಹಣ್ಣು. ಸಿಪ್ಪೆ ಸುಲಿಯದ ಹಣ್ಣು ಯಾರ ಮನೆಯದಾದರೂ ನಡೆಯುತ್ತದೆ, ಅಲ್ವಾ? ಅವರು ಒಂದು ಮಾತು ಕೇಳಲಿಲ್ಲ. ಮಾಸ್ತರೂ ಕೇಳಲಿಲ್ಲ. ಎರಡು ತಿಂಗಳು ದಿನಾ ಆ ಹಣ್ಣು ತಿಂದು ಓದಿದೆ. ಯಾಕೆ ನಮಗೆ ಮಾತ್ರ ಹಣ್ಣು ಅಂತ ಹೊಳೆದದ್ದು ನನ್ನ ಮಗ ಶಾಲೆಗೆ ಹೋಗಲು ಶುರು ಮಾಡಿದ ಮೇಲೆ. ಆವತ್ತು ರಾತ್ರಿ ನಿದ್ದೆ ಬರಲಿಲ್ಲ.

ಮಾಸ್ತರು ಭಾನುವಾರ ಸೈಕಲ್ಲಿನ ಮುಂದೆ ಚಿಕ್ಕ ಮಗಳನ್ನು, ಹಿಂದೆ ಅಕ್ಕೋರನ್ನು ಕೂರಿಸಿಕೊಂಡು ಚರ್ಚಿಗೆ ಹೋಗುತ್ತಿದ್ದರು. ದೊಡ್ಡವಳು ಪಕ್ಕದಲ್ಲೇ ಓಡುತ್ತ ಬರುತ್ತಿದ್ದಳು. ದಾರಿಯಲ್ಲಿ ನಾವು ಕಂಡರೆ ಇಳಿದು ಮಾತಾಡಿಸಿಯೇ ಮುಂದೆ ಹೋಗುವುದು. ಸಂಬಳದ ದಿನ ಎರಡು ಪೊಟ್ಟಣ ಕಟ್ಟಿಸುತ್ತಿದ್ದರು. ಒಂದರಲ್ಲಿ ಹೆಂಡತಿಗೆ ಮಲ್ಲಿಗೆ, ಇನ್ನೊಂದರಲ್ಲಿ ನಮ್ಮ ವಹಿ ತಿದ್ದಲು ಕೆಂಪು ಮಸಿ.

ಇವತ್ತು ಕಾರ್ಯಕ್ರಮ ಮುಗಿದ ಮೇಲೆ ಅವರ ಮನೆಗೆ ಹೋದೆ. ಮಾಸ್ತರರ ಕುರ್ಚಿ ಅಲ್ಲೇ ಇತ್ತು, ನಿಘಂಟೂ ಇತ್ತು. ಅಕ್ಕೋರಿಗೆ ಈಗ ಕಣ್ಣು ಸರಿಯಾಗಿ ಕಾಣುವುದಿಲ್ಲ. ದನಿಯಿಂದಲೇ ಗುರುತು ಹಿಡಿದರು. ಮಗಳನ್ನು ಕರೆದು ‘ಬಾಳೆಹಣ್ಣು ತಗೊಂಡು ಬಾ’ ಅಂದರು.

‘ನನಗೆ ಚಾ ಬೇಕು ಅಕ್ಕೋರೇ’ ಅಂದೆ.