ಬೆಲೆಗಿಂತ ಕರಾರು ನೋಡಿ

ನಷ್ಟದಲ್ಲಿರುವ ಸರ್ಕಾರಿ ಕಂಪನಿ ಮಾರಿದರೆ ಖಜಾನೆಗೆ ಲಾಭವೇ ಅಂತ ಖಾಸಗೀಕರಣದ ಬಗೆಗಿನ ಲೇಖನವೊಂದರಲ್ಲಿ ಅದರ ಲೇಖಕರು ಬರೆದಿದ್ದಾರೆ. ಅರ್ಧ ಒಪ್ಪುತ್ತೇನೆ. ನಷ್ಟ ತುಂಬಿಕೊಡುವುದು ತಪ್ಪಿದರೆ ಅದೂ ಉಳಿತಾಯವೇ ಅಲ್ವಾ. ಆದರೆ ಎಷ್ಟಕ್ಕೆ ಮಾರಿದರು ಅನ್ನುವುದಕ್ಕಿಂತ ಕರಾರಿನಲ್ಲಿ ಏನು ಬರೆದುಕೊಟ್ಟರು ಅನ್ನುವುದನ್ನು ಮೊದಲು ನೋಡಬೇಕು.

ಆಫ್ರಿಕಾದ ಜಾಂಬಿಯಾ ದೇಶವನ್ನೇ ತಗೊಳ್ಳಿ. 1997ರಿಂದ 2000ದ ಒಳಗೆ ಅಲ್ಲಿನ ಸರ್ಕಾರಿ ತಾಮ್ರದ ಗಣಿಗಳನ್ನು ತುಂಡು ಮಾಡಿ ಮಾರಿದರು. ಆಗ ತಾಮ್ರದ ಬೆಲೆ ನೆಲಕಚ್ಚಿತ್ತು. ಸಾಲ ಕೊಟ್ಟವರು ಬೇರೆ ಬೆನ್ನು ಬಿದ್ದಿದ್ದರು. ಅವಸರಕ್ಕೆ ಮಾರುವವನ ಕೈ ಯಾವಾಗಲೂ ಕೆಳಗೇ. ಕಾನೂನಿನಲ್ಲಿ ರಾಯಧನ, ಅಂದರೆ ತೆಗೆದ ಅದಿರಿಗೆ ಸರ್ಕಾರಕ್ಕೆ ಕಟ್ಟುವ ಪಾಲು, ಶೇ. 3 ಅಂತ ಇತ್ತು. ಗಣಿ ಕೊಂಡ ಕಂಪನಿಗಳ ಜೊತೆಗಿನ ಕರಾರಿನಲ್ಲಿ ಅದನ್ನು ಶೇ. 0.6ಕ್ಕೆ ಇಳಿಸಿದರು. ಅಂದರೆ ಸಾವಿರ ಡಾಲರ್ ಅದಿರಿಗೆ ಆರು ಡಾಲರ್! ಅದೂ ಸುಮ್ನೆ ಅಲ್ಲ, ಹದಿನೈದು ಇಪ್ಪತ್ತು ವರ್ಷ ತೆರಿಗೆ ಏರಿಸುವುದಿಲ್ಲ ಅನ್ನುವ ಮಾತಿನ ಜೊತೆಗೆ. ಈ ಕರಾರುಗಳನ್ನು ಜನರ ಮುಂದೆ ಇಟ್ಟಿರಲಿಲ್ಲ. ನನಗೆ ಹೆಚ್ಚು ಸಿಟ್ಟು ಬರುವುದು ಇದಕ್ಕೇ.

2006ರಲ್ಲಿ ತಾಮ್ರ ಟನ್ನಿಗೆ 8,000 ಡಾಲರ್ ದಾಟಿತು. ಖಜಾನೆ ಕೈಕಟ್ಟಿ ನೋಡುತ್ತಿತ್ತು. 2008ರಲ್ಲಿ ಸರ್ಕಾರ ಕರಾರು ಮುರಿದು, ಬೆಲೆ ಏರಿದಾಗ ಜಾಸ್ತಿ ಕಟ್ಟುವ ತೆರಿಗೆ ತಂದಿತು. ಬೆಲೆ ಕುಸಿಯಿತು, ಕಂಪನಿಗಳು ಗಲಾಟೆ ಮಾಡಿದವು, ಮರುವರ್ಷವೇ ಅದನ್ನು ಕೈಬಿಟ್ಟರು.

ಹಾಗಂತ ಖಾಸಗಿಯವರೇ ಬೇಡ ಅಂತಲ್ಲ. ಪಕ್ಕದ ಬೋಟ್ಸ್ವಾನಾದಲ್ಲಿ ವಜ್ರದ ಗಣಿ ಕಂಪನಿ ಡೆಬ್ಸ್ವಾನಾದಲ್ಲಿ ಖಾಸಗಿ ವಜ್ರ ಕಂಪನಿ ಡಿ ಬಿಯರ್ಸ್‌ಗೆ ಅರ್ಧ ಪಾಲು, ಸರ್ಕಾರಕ್ಕೆ ಅರ್ಧ. ರಾಯಧನ, ತೆರಿಗೆ ಬೇರೆ ಬರುತ್ತದೆ. ಆ ಲೇಖನದಲ್ಲಿ ಈ ದಾರಿಯ ಸುದ್ದಿಯೇ ಇಲ್ಲ.