ಪಂಚೆ ಡಿಟೆಕ್ಟರ್

ಬೆಂಗಳೂರಿನ ಮಾಲ್‌ಗಳ ಬಾಗಿಲಲ್ಲಿ ಒಂದು ಮೆಟಲ್ ಡಿಟೆಕ್ಟರ್ ನಿಲ್ಲಿಸಿರ್ತಾರಲ್ಲ, ಅದು ಬೆಲ್ಟಿಗೂ ಕುಂಯ್ ಅನ್ನುತ್ತೆ, ಬೀಗದ ಕೈಗೂ ಕುಂಯ್ ಅನ್ನುತ್ತೆ, ಯಾರೂ ತಿರುಗಿ ನೋಡಲ್ಲ, ಅದರ ಪಾಡಿಗೆ ಅದು ಕೂಗ್ಕೊಳ್ಲಿ ಅಂತ ಎಲ್ರೂ ಒಳಗೆ ಹೋಗ್ತಾನೇ ಇರ್ತಾರೆ. ಪಕ್ಕಾ ಕೆಲಸ ಮಾಡೋದು ಪಂಚೆ ಡಿಟೆಕ್ಟರ್ ಒಂದೇ. 2024ರ ಜುಲೈನಲ್ಲಿ ಮಾಗಡಿ ರೋಡಿನ ಮಾಲೊಂದರಲ್ಲಿ ಅದು ಹಾವೇರಿ ಕಡೆಯ ರೈತರೊಬ್ಬರನ್ನ ಹಿಡಿದುಹಾಕ್ತು. ಸಿನಿಮಾ ಟಿಕೆಟ್ ಇದೆ, ಜೊತೆಗೆ ಮಗ ಇದಾನೆ, ಆದ್ರೆ ಸೊಂಟದಲ್ಲಿ ಪಂಚೆ! ಪ್ಯಾಂಟ್ ಹಾಕ್ಕೊಂಡು ಬನ್ನಿ ಅಂದ್ರಂತೆ. ಸಿದ್ದರಾಮಯ್ಯನೋರು ಪಂಚೆಯಲ್ಲೇ ನಿಂತು ರಾಜ್ಯದ ಬಜೆಟ್ ಓದಿದೋರು, ಪುಣ್ಯಕ್ಕೆ ಅವತ್ತು ಅವರಿಗೆ ಅಲ್ಲಿ ಸಿನಿಮಾ ನೋಡೋ ಮನಸ್ಸಾಗ್ಲಿಲ್ಲ.

ಆಮೇಲೆ ಗೊತ್ತಲ್ಲ, ವಿಡಿಯೋ ಓಡ್ತು, ಪ್ರತಿಭಟನೆ ಆಯ್ತು, ಸರ್ಕಾರ 7 ದಿನ ಮಾಲ್ ಮುಚ್ಚಿಸ್ತು, ಮಾಲಿನವರು ಆ ಯಜಮಾನರಿಗೆ ಶಾಲು ಹೊದಿಸಿ ಸನ್ಮಾನಾನೂ ಮಾಡಿದ್ರು. ಸೊಂಟದ ಬಟ್ಟೆಗೆ ಆದ ಅವಮಾನಕ್ಕೆ ಹೆಗಲಿಗೊಂದು ಬಟ್ಟೆ, ಲೆಕ್ಕ ಚುಕ್ತಾ.

ಅದೇ ವರ್ಷ ಫೆಬ್ರವರಿಯಲ್ಲಿ ರಾಜಾಜಿನಗರ ಮೆಟ್ರೋ ಸ್ಟೇಷನ್ನಲ್ಲಿ ತಲೆ ಮೇಲೆ ಮೂಟೆ ಹೊತ್ಕೊಂಡು ಬಂದ ರೈತರನ್ನ ಬಟ್ಟೆ ಕೊಳೆ ಅಂತ ತಡೆದಿದ್ರು, ಅವರ ಹತ್ರಾನೂ ಟಿಕೆಟ್ ಇತ್ತು. ಕೆಲಸ ಹೋಗಿದ್ದು ಯಾರದು? ಸೆಕ್ಯೂರಿಟಿ ಸೂಪರ್‌ವೈಸರದು. ನಂಗೆ ತಮಾಷೆ ಅನ್ಸೋದೇ ಇಲ್ಲಿ ನೋಡಿ, ಒಬ್ಬ ಬಡವನನ್ನ ತಡೆಯೋಕೆ ಇನ್ನೊಬ್ಬ ಬಡವನಿಗೇ ಟೋಪಿ ಹಾಕಿ ಬಾಗಿಲಲ್ಲಿ ನಿಲ್ಲಿಸ್ತಾರೆ (ಎರಡೂ ಅರ್ಥದಲ್ಲಿ ಟೋಪಿ), ತಡೆದ್ರೆ ವಿಡಿಯೋದಲ್ಲಿ ಅವನದೇ ಮುಖ, ತಡೀದಿದ್ರೆ ಮ್ಯಾನೇಜರ್ ಹತ್ರ ಅವನಿಗೇ ಮಂಗಳಾರತಿ. ರೂಲ್ಸ್ ಮಾಡಿದ ಪುಣ್ಯಾತ್ಮ ಮಾತ್ರ ಯಾವ ಕ್ಯಾಮೆರಾಗೂ ಸಿಗಲ್ಲ.

ಮೊನ್ನೆ ಬೇರೆ ಒಂದು ಮಾಲಿಗೆ ಹೋಗಿದ್ದೆ. ಕೆಳಗೆ ಬೇಸ್‌ಮೆಂಟಲ್ಲಿ, ನನ್ನ ಹತ್ತು ವರ್ಷದ ಸಂಬಳ ಸುರಿದ್ರೂ ಬರದಿರೋ ಎರಡು ಕಾರುಗಳ ಮಧ್ಯೆ, ಒಬ್ರು ಗಾರ್ಡ್ ರಟ್ಟು ಹಾಸ್ಕೊಂಡು ಊಟಕ್ಕೆ ಕೂತಿದ್ರು. ಡಬ್ಬಿಯಲ್ಲಿ ಖಡಕ್ ರೊಟ್ಟಿ, ಮೂಲೆಯಲ್ಲಿ ಶೇಂಗಾ ಚಟ್ನಿ, ಟೋಪಿ ತೊಡೆ ಮೇಲೆ.

"ಯಾವೂರಣ್ಣಾ?"

"ಸುರಪುರ ಕಡಿ ರೀ."

"ಮೇಲೆ ಯಾವತ್ತಾದ್ರೂ ಸಿನಿಮಾ ನೋಡಿದೀರಾ?"

ನಕ್ರು. "ಈ ಡ್ರೆಸ್ನಾಗ ಹೋದ್ರ ಡ್ಯೂಟಿ ಬಿಟ್ಟು ಬಂದಿ ಅಂತಾರ್ರೀ. ಮನಿ ಅರಿವಿ ಹಾಕ್ಕೊಂಡು ಬಂದ್ರ ಬಾಗಲದಾಗ ನಮ್ಮ ಹುಡುಗೂರೇ ಒಳಗ ಬಿಡಂಗಿಲ್ರಿ."

ರೊಟ್ಟಿ ಮುರ್ಕೊಂಡು ಚಟ್ನಿಗೆ ಅದ್ದಿದ್ರು.

"ಊರಾಗ ನಾನೂ ಧೋತರಾನ ಉಡೋದು ನೋಡ್ರಿ."