ಸಿಂಗಪುರದಿಂದ ಬಂದರು, ಆರತಿ ತನ್ನಿ

ಫ್ಲಿಪ್‌ಕಾರ್ಟ್ ಕೂಡ ಸಿಂಗಪುರ ಬಿಟ್ಟು ಬರ್ತೀನಿ ಅಂತ 2025ರಲ್ಲಿ ಹೇಳಿತು. ಎಲ್ಲಿಗೆ? ಬೆಂಗಳೂರಿಗೆ. ಇಷ್ಟು ವರ್ಷ ಎಲ್ಲಿತ್ತು? ಬೆಂಗಳೂರಲ್ಲೇ! ಗೋಡೌನು, ಜನ, ಗಿರಾಕಿ ಎಲ್ಲ ಇಲ್ಲೇ. ಯಜಮಾನಿಕೆಯ ಕಾಗದ ಮಾತ್ರ 2011ರಿಂದ ಸಿಂಗಪುರದಲ್ಲಿತ್ತು.

ಫೋನ್‌ಪೇ 2022ರಲ್ಲೇ ಹಾಗೆ ಬಂತು. ಹಾಗೆ ಬಂದಿದ್ದಕ್ಕೆ ಹೂಡಿಕೆದಾರರು ಕಟ್ಟಿದ ತೆರಿಗೆ ಸುಮಾರು 8,000 ಕೋಟಿ. ಷೇರು ವ್ಯವಹಾರದ ಆ್ಯಪ್ ಗ್ರೋ ಅಮೆರಿಕದ ಡೆಲವೇರ್‌ನಿಂದ ಬಂತು, ಅದಕ್ಕೆ ಸುಮಾರು 1,340 ಕೋಟಿ. ಒಂದು ಕುರ್ಚಿಯೂ ಲಾರಿ ಹತ್ತಲಿಲ್ಲ. ದೇಶಪ್ರೇಮ ಉಕ್ಕಿತು ಅಂದುಕೊಳ್ಳೋಣ. ಐಪಿಒಗೆ, ಅಂದರೆ ಮೊದಲ ಸಲ ಜನಕ್ಕೆ ಷೇರು ಮಾರೋದಕ್ಕೆ, ನಮ್ಮ ಷೇರುಪೇಟೆಯಲ್ಲೇ ಒಳ್ಳೆ ರೇಟು ಸಿಗ್ತಿದೆ ಅನ್ನೋದು ಸುಮ್ನೆ ಕಾಕತಾಳೀಯ.

ಡೆಲವೇರ್ ಬಗ್ಗೆ ಹೇಳದಿದ್ದರೆ ನನಗೆ ನಿದ್ದೆ ಬರಲ್ಲ. ಜನಕ್ಕಿಂತ ಕಂಪನಿಗಳೇ ಜಾಸ್ತಿ ಇರುವ ರಾಜ್ಯ ಅದು. ವಿಲ್ಮಿಂಗ್ಟನ್ನಿನ 1209, ನಾರ್ತ್ ಆರೆಂಜ್ ಸ್ಟ್ರೀಟ್ ಅಂತ ಒಂದು ಕುಳ್ಳ ಕಟ್ಟಡವಿದೆ. ಎರಡೂವರೆ ಲಕ್ಷಕ್ಕೂ ಹೆಚ್ಚು ಕಂಪನಿಗಳು ಕೊಟ್ಟಿರೋ ವಿಳಾಸ ಅದೊಂದೇ. ಇಷ್ಟು ಬಾಡಿಗೆದಾರರಿದ್ದೂ ನೀರಿನ ಜಗಳ ಇಲ್ಲದ ಮನೆ ಭೂಮಿ ಮೇಲೆ ಇನ್ನೊಂದಿಲ್ಲ. ಅಲ್ಲೂ ಎಲ್ಲರಿಗೂ ನೆಮ್ಮದಿ ಇಲ್ಲ, ಬಿಡಿ. ಅಲ್ಲಿನ ನ್ಯಾಯಾಧೀಶೆ ಮಸ್ಕ್ ಸಾಹೇಬರ ಸಂಬಳದ ಪ್ಯಾಕೇಜು ರದ್ದು ಮಾಡಿದರು. ಅದೇ ವರ್ಷ, 2024ರಲ್ಲಿ, ಅವರ ಟೆಸ್ಲಾ ಕಂಪನಿ ತನ್ನ ನೋಂದಣಿಯ ಗಂಟುಮೂಟೆ ಕಟ್ಟಿ ಟೆಕ್ಸಾಸ್‌ಗೆ ಹೋಯಿತು. ತೀರ್ಪು ಹಿಡಿಸಲಿಲ್ವಾ? ರಾಜ್ಯ ಬದಲಿಸಿ. ಸಿಲ್ಕ್ ಬೋರ್ಡಲ್ಲಿ ಪೊಲೀಸರು ಹಿಡಿದಾಗ 'ನನಗೆ ಹೊಸೂರಿನ ಕಾನೂನು ಹಾಕಿ ಸಾರ್' ಅಂತ ನಾವೂ ಒಂದು ಸಲ ಕೇಳಿ ನೋಡಬೇಕು.

ಪೀಣ್ಯದಲ್ಲಿ ನಾಲ್ಕು ಲೇತ್ ಹಾಕಿಕೊಂಡು, ಯಾರೋ ಹೇಳಿದರು ಅಂತ ಪ್ರೈವೇಟ್ ಲಿಮಿಟೆಡ್ ಮಾಡಿಕೊಂಡವನು ಎಲ್ಲಿಗೆ ಹೋಗಬೇಕು? 2019ರಲ್ಲಿ ಸರ್ಕಾರದವರು ಅವನ ಹತ್ತಿರ ಆಫೀಸಿನ ಫೋಟೋ ಕೇಳಿದರು. ಹೊರಗಿನದೊಂದು, ಒಳಗಿನದೊಂದು. ಒಳಗಿನದರಲ್ಲಿ ಡೈರೆಕ್ಟರ್ ಖುದ್ದು ಕಾಣಬೇಕು. ಲೇತ್ ನಿಲ್ಲಿಸಿ, ಕೈಗೆ ಹತ್ತಿದ ಗ್ರೀಸು ಒರೆಸಿಕೊಂಡು ಪೋಸು ಕೊಟ್ಟ. (ಬೋರ್ಡಲ್ಲಿ ಕನ್ನಡ ಇರಬೇಕು ಅಂತ ಕಂಪನಿ ಕಾಯ್ದೆಯ 12ನೇ ಸೆಕ್ಷನ್ನೇ ಹೇಳುತ್ತೆ. ಗಾಜಿನ ಕಟ್ಟಡದವರು ಓದಿಕೊಳ್ಳಲಿ.)

ಅವನ ಬ್ಯಾಲೆನ್ಸ್ ಶೀಟ್ ತಡವಾದರೆ ದಿನಕ್ಕೆ 100 ರೂಪಾಯಿ. ವಾರ್ಷಿಕ ರಿಟರ್ನ್ ತಡವಾದರೆ ಅದಕ್ಕೆ ಬೇರೆ 100. ಇಷ್ಟಕ್ಕೇ ನಿಲ್ಲುತ್ತೆ ಅಂತ ಮಿತಿಯೇ ಇಲ್ಲ. ವ್ಯಾಪಾರವೇ ನಡೆಯದ ವರ್ಷವೂ ಮೀಟರು ಓಡ್ತಾನೇ ಇರುತ್ತೆ. ಇದನ್ನು ತಮಾಷೆ ಮಾಡೋಕೆ ನನಗೆ ಬರ್ತಿಲ್ಲ. ಎಂಟು ಜನಕ್ಕೆ ಕೆಲಸ ಕೊಟ್ಟವನನ್ನು ಕಳ್ಳನ ಹಾಗೆ ನೋಡೋದು, ಕಾಗದ ಹೊರಗಿಟ್ಟು ಆಡಿದವರಿಗೆ ಸ್ವಾಗತ ಕೋರೋದು. ನಾಚಿಕೆಗೇಡು.

ಹೊರಗಿನ ತಾಯಿ ಕಂಪನಿ ಇಲ್ಲಿನ ಮಗಳು ಕಂಪನಿಯೊಳಗೆ ಸೇರಿಕೊಳ್ಳೋಕೆ ಕಂಪನಿ ವ್ಯಾಜ್ಯ ನೋಡುವ ಟ್ರಿಬ್ಯೂನಲ್ ಮೆಟ್ಟಿಲು ಹತ್ತೋದೇ ಬೇಡ ಅಂತ 2024ರಲ್ಲಿ ಫಾಸ್ಟ್ ಟ್ರ್ಯಾಕ್ ದಾರಿ ಮಾಡಿಕೊಟ್ಟರು. ಲೇತಿನವನು 'ಸಾಕು, ಮುಚ್ಚಿಬಿಡ್ತೀನಿ' ಅಂದರೆ, ಮೊದಲು ಬಾಕಿ ರಿಟರ್ನ್‌ಗಳನ್ನು ದಂಡದ ಸಮೇತ ಹಾಕಬೇಕು. ಆಮೇಲೆ ಮುಚ್ಚೋ ಅರ್ಜಿಗೆ 10,000 ರೂಪಾಯಿ ಫೀಸು.